ಬಿಸಿಲು ಜಾಸ್ತಿ ಅಂತ ಥರ್ಮೋಸ್ಟಾಟ್ ತೆಗೆಸಬೇಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಕಾರು ಓಡಿಸುವವರು ದಯವಿಟ್ಟು ಇದನ್ನು ಓದಿ. ಗಾಡಿ ಹೀಟ್ ಆಗುತ್ತಿದೆ ಅಂತ ಗ್ಯಾರೇಜಿಗೆ ಒಯ್ದರೆ ಥರ್ಮೋಸ್ಟಾಟ್ ವಾಲ್ವನ್ನೇ (ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು) ಕಿತ್ತು ಕಳಿಸುವವರು ಇದ್ದಾರೆ. ನಮ್ಮ ಕಾರಿಗೂ ಹಾಗೇ ಮಾಡಿದರು. ಕೊನೆಗೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಕೆಳಗಿರುವ ಸೀಲ್, ಹೋಯಿತು.

ಶುರುವಿನಲ್ಲಿ ತೊಂದರೆ ಸಣ್ಣದೇ ಇತ್ತು. ಹೊಸಪೇಟೆಗೆ ಹೋಗುವಾಗ ತೋರಣಗಲ್ಲು ಹತ್ತಿರ ಲಾರಿ ಸಾಲಿನಲ್ಲಿ ಸಿಕ್ಕಿಕೊಂಡರೆ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ದಾರಿ ಸಿಕ್ಕಿ ಗಾಡಿ ಓಡತೊಡಗಿದರೆ ತಾನೇ ಇಳಿಯುತ್ತಿತ್ತು. ನಿಂತಾಗ ಬಿಸಿ, ಓಡುವಾಗ ತಣ್ಣಗೆ ಅಂದರೆ ಮೊದಲು ನೋಡಬೇಕಾದದ್ದು ರೇಡಿಯೇಟರ್ ಫ್ಯಾನ್. ಓಡುವಾಗ ಎದುರುಗಾಳಿಯೇ ಸಾಕಾಗುತ್ತದೆ, ನಿಂತಾಗ ಫ್ಯಾನ್ ತಿರುಗಲೇಬೇಕು. ಹೈವೇಯಲ್ಲಿ ಜೋರಾಗಿ ಹೋಗುವಾಗ ಹೀಟ್ ಆದರೆ ಅದು ಬೇರೆ ಕಥೆ. ಆಗ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗಿದೆಯಾ, ರೇಡಿಯೇಟರ್ ಕಟ್ಟಿಕೊಂಡಿದೆಯಾ, ವಾಟರ್ ಪಂಪ್ ಸರಿಯಿದೆಯಾ ನೋಡಬೇಕು.

ಇದನ್ನೆಲ್ಲ ಗ್ಯಾರೇಜಿನವರಿಗೆ ಬಿಡಿಸಿ ಹೇಳಿದೆವು. ಆತ ಫ್ಯಾನ್ ಕಡೆ ನೋಡಲೂ ಇಲ್ಲ. "ನಮ್ ಬಳ್ಳಾರಿ ಬಿಸ್ಲಿಗೆ ಈ ವಾಲ್ವ್ ಯಾಕ್ರೀ ಬೇಕು? ಇದು ಚಳಿ ಊರಿನ ಗಾಡಿಗೆ" ಅಂದ. ವಾಲ್ವ್ ತೆಗೆದ, ಇದ್ದ ಕೂಲಂಟ್ ಚೆಲ್ಲಿದ, ಪೈಪು ಹಿಡಿದು ಬೋರ್‌ವೆಲ್ ನೀರು ತುಂಬಿದ.

ಕೇಳಲು ಆ ಮಾತು ಸರಿ ಅನಿಸುತ್ತದೆ, ಅಲ್ವಾ? ಆದರೆ ಲೆಕ್ಕ ನೋಡಿ. ನಮ್ಮ ಬೇಸಿಗೆ 42 ಡಿಗ್ರಿ ಮುಟ್ಟಬಹುದು. ಇಂಜಿನ್ನಿಗೆ ಬೇಕಾದದ್ದು ಸುಮಾರು 90. ಥರ್ಮೋಸ್ಟಾಟ್ ತೆರೆಯುವುದೇ ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ. ಅಲ್ಲಿಯವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆದು ಇಂಜಿನ್ ಬೇಗ ಬಿಸಿಯಾಗಲು ಬಿಡುತ್ತದೆ. ಅದನ್ನು ತೆಗೆದರೆ ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ನಮ್ಮ ಮೈಲೇಜ್ ಬಿದ್ದದ್ದು ಹೀಗೇ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ತೆರೆದಾಗ ಅದರ ಹಿಂಭಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. ಹೀಟ್ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ನೀರಿನ ವಿಷಯ ಇನ್ನೂ ಕೆಟ್ಟದು. ನಮ್ಮ ಬೋರ್ ನೀರು ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವಂತೆಯೇ ಇಂಜಿನ್ ಒಳಗೂ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ತುಕ್ಕು ತಡೆಯುವ ಔಷಧಿ ಅದರಲ್ಲಿ ಇರುವುದಿಲ್ಲ. ಬರೀ ನೀರು ಬೇಗ ಕುದಿಯುತ್ತದೆ ಕೂಡ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಇದ್ದು ಒತ್ತಡ ಹಿಡಿದಿಡುವ ಮುಚ್ಚಳ, ಅಂದರೆ ಪ್ರೆಶರ್ ಕ್ಯಾಪ್, ಗಟ್ಟಿಯಿದ್ದರೆ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ದಾರಿಯಲ್ಲಿ ಕೈಕೊಟ್ಟಾಗ ಮನೆ ಮುಟ್ಟಲು ಯಾವ ನೀರಾದರೂ ಸರಿ. ಆಮೇಲೆ ಅದನ್ನು ಇಳಿಸಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ನಿಮ್ಮ ಗಾಡಿ ಪುಸ್ತಕದಲ್ಲಿ ಹೇಳಿದ ಕೂಲಂಟ್ ಹಾಕಿ. ಬಣ್ಣ ನೋಡಿ ಬೆರೆಸಬೇಡಿ. ಬಣ್ಣಕ್ಕೆ ಕಂಪನಿಗಳ ನಡುವೆ ಒಂದೇ ನಿಯಮ ಇಲ್ಲ.

ಮುಂದಿನ ಲಾರಿ ಸಾಲಿನಲ್ಲಿ ನಮ್ಮ ಗಾಡಿ ಮತ್ತೆ ಕುದಿಯಿತು. ಮುಳ್ಳು ಕೆಂಪು ಮುಟ್ಟಿ, ಆಮೇಲೆ ಏಕಾಏಕಿ ಕೆಳಗಿಳಿಯಿತು. ತಣ್ಣಗಾಯಿತು ಅಂತ ಯಾರಿಗಾದರೂ ಅನಿಸುತ್ತದೆ. ನಿಜಕ್ಕೂ ನೀರು ಖಾಲಿಯಾಗಿ ಸೆನ್ಸರ್ ಸುತ್ತ ಬರೀ ಆವಿ ಉಳಿದಿತ್ತು. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಯಿತು. ಮರುದಿನದಿಂದ ಗಾಡಿ ನೀರು ಕುಡಿಯತೊಡಗಿತು. ಸೈಲೆನ್ಸರಿನಲ್ಲಿ ಬಿಳಿ ಹೊಗೆ, ರಿಸರ್ವ್ ಡಬ್ಬಿಯಲ್ಲಿ ಗುಳ್ಳೆ. ಇವು ಕಂಡರೆ ಗಾಡಿ ಓಡಿಸಲೇಬೇಡಿ, ಟೋ ಮಾಡಿಸಿ. ಬೇರೆ ಮೆಕ್ಯಾನಿಕ್ ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಿದರು, ಅಂದರೆ ಉಜ್ಜಿ ಮಟ್ಟಸ ಮಾಡಿಸಿದರು. ಮೂಲ ಕಾರಣ ಏನು ಗೊತ್ತಾ? ಸುಟ್ಟುಹೋದ ಒಂದು ಫ್ಯಾನ್ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್. ಅದರ ಬೆಲೆ ಕೆಲವೇ ನೂರು ರೂಪಾಯಿ. ಇದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಫ್ಯಾನ್ ನೋಡಲು ಮನೆಯಲ್ಲೇ ಆಗುತ್ತದೆ. ಇಂಜಿನ್ ಚಾಲೂ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಆಮೇಲೆ ಮೋಟರ್ ನೋಡಿ. ಕೈ ಮಾತ್ರ ದೂರ ಇರಲಿ, ಕೀ ತೆಗೆದ ಮೇಲೂ ಕೆಲವು ಫ್ಯಾನ್ ತಾನಾಗಿ ತಿರುಗುತ್ತವೆ. ಸಂಡೂರು ಕಡೆ ಓಡಾಡುವವರು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಬಿಟ್ಟು ನೋಡಿ. ಅದಿರಿನ ಕೆಂಪು ಧೂಳು ಮೆತ್ತಿಕೊಂಡಿದ್ದರೆ ಗಾಳಿ ಹೋಗಲು ಜಾಗವೇ ಇರುವುದಿಲ್ಲ. ತಣ್ಣಗಿರುವಾಗ ಮೆಲ್ಲನೆ ನೀರು ಬಿಟ್ಟು ಇಂಜಿನ್ ಕಡೆಯಿಂದ ಹೊರಗೆ ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಫಿನ್ (ರೇಡಿಯೇಟರಿನ ತೆಳು ತಗಡುಗಳು) ಮಡಚಿಹೋಗುತ್ತವೆ.

ಬಿಸಿ ಇರುವಾಗ ಕ್ಯಾಪ್ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಇಳಿಸಿದ ಹಳೆ ಕೂಲಂಟನ್ನು ಬೀದಿಗೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕಿ ಸಾಯುತ್ತವೆ. ಮಕ್ಕಳಿಗೂ ವಿಷ.

ನಿಮ್ಮ ಗಾಡಿಯಲ್ಲಿ ವಾಲ್ವ್ ಇದೆಯೋ ಇಲ್ಲವೋ ಅಂತ ಅನುಮಾನ ಇದ್ದರೆ ಬೆಳಿಗ್ಗೆ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ, ಫ್ಯಾನಿಗೆ ಕೈ ತಾಗದಂತೆ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ದಪ್ಪ ಪೈಪು ಮುಟ್ಟಿ ನೋಡಿ. ಒಂದಾದರೂ ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಬಿಸಿಯಾಗಬೇಕು. ಎರಡೂ ಒಟ್ಟಿಗೇ ಮೆಲ್ಲಮೆಲ್ಲನೆ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ಮೊದಲೇ ಫೋನ್ ಮಾಡಿ, ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿಬಿಡಿ.