ಪೊಲೀಸ್ ಇಲಾಖೆಯಿಂದ ಹೊರಬಂದ ಮಾಡೆಲ್ 10 ರಿವಾಲ್ವರ್: ಆರು ವರ್ಷಗಳ ಬಳಕೆಯ ನಂತರ

ಸ್ಮಿತ್ ಅಂಡ್ ವೆಸನ್ ಕಂಪನಿಯ ಮಾಡೆಲ್ 10 ರಿವಾಲ್ವರನ್ನು ನಾನು 2018ರಲ್ಲಿ ಟೆಕ್ಸಸ್‌ನಲ್ಲಿ 340 ಡಾಲರಿಗೆ ಕೊಂಡೆ. ಅಲ್ಲಿಂದೀಚೆಗೆ ಅದರಲ್ಲಿ ಸುಮಾರು 3,000 ಗುಂಡುಗಳನ್ನು ಹಾರಿಸಿದ್ದೇನೆ, ಒಮ್ಮೆ ಒಳಗಿನ ಯಂತ್ರವನ್ನು ಪೂರ್ತಿ ಬಿಚ್ಚಿ ಶುಚಿಗೊಳಿಸಿದ್ದೇನೆ, ಹಿಡಿಯ ಮರವನ್ನು ಮತ್ತೆ ಹದಗೊಳಿಸಿದ್ದೇನೆ. ಇಂಥ ರಿವಾಲ್ವರನ್ನು ಕೊಳ್ಳುವ ಯೋಚನೆಯಲ್ಲಿರುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟು: ಹೊರಗಿನ ಬಣ್ಣವನ್ನು ನೋಡಿ ಬೆಲೆ ಕಟ್ಟಬೇಡಿ, ಕೊಂಡ ಮೇಲೆ ಆ ಬಣ್ಣವನ್ನು ಸರಿಪಡಿಸಲು ಅವಸರಪಡಲೂ ಬೇಡಿ.

ಈ ಮಾದರಿಯ ಮೂಲ 1899ರದು. ಕಂಪನಿಯು 1957ರಲ್ಲಿ ತನ್ನ ರಿವಾಲ್ವರುಗಳಿಗೆ ಸಂಖ್ಯೆ ಕೊಡಲಾರಂಭಿಸಿದಾಗ ಇದಕ್ಕೆ 10 ಎಂಬ ಸಂಖ್ಯೆ ಬಂತು. ಆರು ಗುಂಡುಗಳ ಸಿಲಿಂಡರ್, .38 ಸ್ಪೆಷಲ್ ಎಂಬ ಅಳತೆಯ ಗುಂಡು, ಅಲುಗಾಡದ ಸ್ಥಿರ ಗುರಿಕಂಡಿ. ಅಮೆರಿಕದ ಅಸಂಖ್ಯ ಪೊಲೀಸರು ದಶಕಗಳ ಕಾಲ ಸೊಂಟದಲ್ಲಿ ಹೊತ್ತದ್ದು ಇದನ್ನೇ. 1986ರಲ್ಲಿ ಮಯಾಮಿಯಲ್ಲಿ ಎಫ್‌ಬಿಐ ಅಧಿಕಾರಿಗಳು ಮತ್ತು ದರೋಡೆಕೋರರ ನಡುವೆ ನಡೆದ ಗುಂಡಿನ ಕಾಳಗದ ನಂತರ, ಆರು ಗುಂಡುಗಳ ರಿವಾಲ್ವರು ಸಾಲದೆನಿಸಿ, ಪೊಲೀಸ್ ಇಲಾಖೆಗಳು ಪಿಸ್ತೂಲುಗಳ ಕಡೆಗೆ ಹೊರಳುವುದು ಚುರುಕಾಯಿತು, ಹಳೆಯ ರಿವಾಲ್ವರುಗಳು ವ್ಯಾಪಾರಿಗಳ ಪಾಲಾದವು.

ಅಮೆರಿಕದಲ್ಲಿರುವ ಕನ್ನಡಿಗರು ಕಾನೂನಿನ ವಿಷಯವನ್ನು ಮೊದಲೇ ತಿಳಿದಿರಬೇಕು. ಎಚ್1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದುವುದು ಫೆಡರಲ್ ಅಪರಾಧ. ಆದ್ದರಿಂದಲೇ ನಾನು ಗ್ರೀನ್ ಕಾರ್ಡ್ ಕೈಸೇರುವವರೆಗೆ ಕಾದೆ. ಪರವಾನಗಿ ಇರುವ ವ್ಯಾಪಾರಿಯಿಂದ ಕೈಬಂದೂಕು ಕೊಳ್ಳಲು 21 ವರ್ಷ ತುಂಬಿರಬೇಕು, 4473 ಸಂಖ್ಯೆಯ ಅರ್ಜಿಯನ್ನು ಸತ್ಯವಾಗಿ ತುಂಬಬೇಕು, ಹಿನ್ನೆಲೆಯ ತಪಾಸಣೆಗೆ ಒಳಪಡಬೇಕು.

ನಾನು ಮೊದಲು ನೋಡಿದ್ದು ಇದನ್ನಲ್ಲ. ಇನ್ನೊಂದು ಅಂಗಡಿಯವರು ‘ಅತ್ಯುತ್ತಮ ಸ್ಥಿತಿ’ ಎಂದು ಬರೆದಿಟ್ಟಿದ್ದ ರಿವಾಲ್ವರು ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಖಾಲಿ ಇದೆಯೆಂದು ಎರಡು ಬಾರಿ ಖಚಿತಪಡಿಸಿಕೊಂಡು, ಮುಚ್ಚಿದ ಸಿಲಿಂಡರನ್ನು ಬೆರಳಿನಲ್ಲಿ ಹಿಡಿದು ಹಿಂದೆಮುಂದೆ ಅಲುಗಾಡಿಸಿದಾಗ ಅದು ಕಣ್ಣಿಗೆ ಕಾಣುವಷ್ಟು ಸರಿದಾಡಿತು. ಅಂದರೆ ಅದು ಒಳಗೆ ಸವೆದಿತ್ತು; ಕೊಳ್ಳದೆ ಹಿಂದಿರುಗಿದೆ. ಈಗ ನನ್ನ ಬಳಿ ಇರುವುದು ನಾಲ್ಕಂಗುಲದ ದಪ್ಪ ನಳಿಗೆಯ, 10-6 ಎಂಬ ಆವೃತ್ತಿ. ಸಿಲಿಂಡರನ್ನು ಹೊರಕ್ಕೆ ತಿರುಗಿಸಿದರೆ ಚೌಕಟ್ಟಿನ ಮೇಲೆ ಈ ಸಂಖ್ಯೆ ಕಾಣುತ್ತದೆ. ಇದರ ನಳಿಗೆಯ ತುದಿಯಲ್ಲಿ ಮತ್ತು ಸಿಲಿಂಡರಿನ ಅಂಚುಗಳಲ್ಲಿ ನೀಲಿಗಪ್ಪು ಬಣ್ಣ ಚರ್ಮದ ಹೋಲ್ಸ್ಟರಿಗೆ ತಿಕ್ಕಿ ಬೆಳ್ಳಗಾಗಿತ್ತು. ಹಿಡಿಯ ಬಲಭಾಗ ಕಾರಿನ ಬಾಗಿಲಿಗೋ ಕುರ್ಚಿಗೋ ಬಡಿದು ತಗ್ಗುಬಿದ್ದಿತ್ತು. ಆದರೆ ನಳಿಗೆಯ ಒಳಗೆ ಒಂದು ಚುಕ್ಕೆ ತುಕ್ಕೂ ಇರಲಿಲ್ಲ. ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳಿಂದ) ಅಳೆದಾಗ ಅದು ಅಂಗುಲದ ಸಾವಿರದಲ್ಲಿ ಆರು ಭಾಗ, ಅಂದರೆ ಆರೋಗ್ಯಕರ ಅಳತೆ. ವರ್ಷಗಟ್ಟಲೆ ಹೊತ್ತು ತಿರುಗಿ, ಕಡ್ಡಾಯ ಅಭ್ಯಾಸದ ದಿನಗಳಲ್ಲಿ ಮಾತ್ರ ಹಾರಿಸಿದ ಆಯುಧದ ಲಕ್ಷಣ ಇದು.

ಮೊದಲ ದಿನ ಮಾತ್ರ ನಿರಾಸೆಯಾಯಿತು. ಟ್ರಿಗರನ್ನು ಪೂರ್ತಿ ಎಳೆದು ಹಾರಿಸುವಾಗ ಹನ್ನೆರಡರಲ್ಲಿ ಎರಡು ಗುಂಡುಗಳು ಸಿಡಿಯಲೇ ಇಲ್ಲ. ಕಾರಣ ಹುಡುಕುತ್ತ ಹೋದಾಗ, ಹಿಡಿಯ ಮುಂಬದಿಯ ಕೆಳಗಿರುವ, ಮುಖ್ಯ ಸ್ಪ್ರಿಂಗನ್ನು ಬಿಗಿಹಿಡಿಯುವ ತಿರುಪನ್ನು ಯಾರೋ ಟ್ರಿಗರ್ ಹಗುರವಾಗಲೆಂದು ಸಡಿಲಿಸಿದ್ದು ಕಂಡಿತು. ಅದನ್ನು ಪೂರ್ತಿ ಬಿಗಿದ ಮೇಲೆ ಆ ತೊಂದರೆ ಇವತ್ತಿನವರೆಗೆ ಮರುಕಳಿಸಿಲ್ಲ.

ಒಳಗಿನ ಯಂತ್ರವನ್ನು ಶುಚಿಗೊಳಿಸಲು ಪಕ್ಕದ ಮುಚ್ಚಳವನ್ನು ಬಿಚ್ಚುವುದು ತಾಳ್ಮೆಯ ಕೆಲಸ. ತಿರುಪಿನ ಸೀಳಿಗೆ ಸರಿಯಾಗಿ ಕೂರುವ ಬಂದೂಕಿನ ಸ್ಕ್ರೂಡ್ರೈವರನ್ನೇ ಬಳಸಬೇಕು. ಮೂರು ತಿರುಪುಗಳಲ್ಲಿ ಮುಂದಿನದು ಸಿಲಿಂಡರಿನ ತೋಳನ್ನು ಹಿಡಿದಿಡುವುದರಿಂದ ಅದನ್ನು ಗುರುತಿಟ್ಟು ಅದೇ ಜಾಗಕ್ಕೆ ಮರಳಿಸಬೇಕು. ಮುಚ್ಚಳವನ್ನು ಎಂದಿಗೂ ಮೀಟಬಾರದು. ಹಿಡಿಯ ಚೌಕಟ್ಟಿಗೆ ಸ್ಕ್ರೂಡ್ರೈವರಿನ ಮರದ ಹಿಡಿಕೆಯಿಂದ ಮೆಲ್ಲನೆ ತಟ್ಟಿದರೆ ಅದು ತಾನಾಗಿ ಮೇಲೇಳುತ್ತದೆ. ಒಳಗೆ ಹಳೆಯ ಗ್ರೀಸು ಒಣಗಿದ ಜೋನಿಬೆಲ್ಲದಂತೆ ಅಂಟಿಕೊಂಡಿತ್ತು. ಅದನ್ನು ಮಿನರಲ್ ಸ್ಪಿರಿಟ್ಟಿನಲ್ಲಿ ತೊಳೆದು, ಉಜ್ಜುವ ಜಾಗಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟೆ. ಅರ ಹಾಕಲಿಲ್ಲ, ಸ್ಪ್ರಿಂಗ್ ಬದಲಿಸಲಿಲ್ಲ. ಆದರೂ ಟ್ರಿಗರಿನ ಎಳೆತ ಬೇರೆಯದೇ ರಿವಾಲ್ವರೆನಿಸುವಷ್ಟು ನಯವಾಯಿತು.

ಬಣ್ಣದ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಬೆಳ್ಳಗಾದ ಭಾಗಗಳಿಗೆ ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ (ಬಿಸಿಮಾಡದೆ ಉಕ್ಕನ್ನು ನೀಲಿಗಪ್ಪಾಗಿಸುವ) ದ್ರಾವಣ ಹಚ್ಚಿದೆ. ಅದು ಮೂಲ ಬಣ್ಣಕ್ಕೆ ಹೊಂದದೆ ಬೂದಿಬಣ್ಣದ ಮಚ್ಚೆಯಾಯಿತು, ಕೆಲವೇ ತಿಂಗಳಲ್ಲಿ ಸವೆದೂ ಹೋಯಿತು. ಕುಶಲಕರ್ಮಿಯೊಬ್ಬರಿಂದ ಪೂರ್ತಿ ಬಿಸಿ ಬ್ಲೂಯಿಂಗ್ (ಬಿಸಿ ದ್ರಾವಣದಲ್ಲಿ ಅದ್ದಿ ಹೊಸದಾಗಿ ಬಣ್ಣ ಕಟ್ಟುವುದು) ಮಾಡಿಸಲು ಕೇಳಿದ ಬೆಲೆ ರಿವಾಲ್ವರಿನ ಬೆಲೆಯ ಹತ್ತಿರವಿತ್ತು. ಅದಕ್ಕಿಂತ ಮುಖ್ಯವಾಗಿ, ಪಾಲಿಶ್ ಮಾಡುವಾಗ ಅಂಚುಗಳು ದುಂಡಾಗಿ ಕಾರ್ಖಾನೆಯ ಗುರುತುಗಳು ಮಸುಕಾಗುವ ಅಪಾಯವಿತ್ತು. ಹಾಗಾಗಿ ಎಣ್ಣೆಯಲ್ಲಿ ಅದ್ದಿದ ಅತಿ ನುಣುಪಾದ, ನಾಲ್ಕು ಸೊನ್ನೆ ದರ್ಜೆಯ ಉಕ್ಕಿನ ಉಣ್ಣೆಯಿಂದ ಮೇಲ್ಪದರದ ತುಕ್ಕನ್ನಷ್ಟೇ ತೆಗೆದು, ಸವೆತವನ್ನು ಸವೆತವಾಗಿಯೇ ಬಿಟ್ಟೆ. ಹಿಡಿಯ ವಾಲ್‌ನಟ್ ಮರದ ತಗ್ಗುಗಳ ಮೇಲೆ ಒದ್ದೆ ಬಟ್ಟೆಯಿಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದಾಗ ಹಬೆಗೆ ಬಹುಪಾಲು ತಗ್ಗುಗಳು ಮೇಲೆದ್ದವು. ಆಮೇಲೆ ಮೂರು ಸಲ ಅಗಸೆಎಣ್ಣೆ ಸವರಿದೆ.

ಬಳಕೆಯಲ್ಲಿ ಎದುರಾದ ದೊಡ್ಡ ತೊಂದರೆ ಒಂದೇ. ಸುಮಾರು 1,500 ಗುಂಡುಗಳ ನಂತರ ಒಂದು ದಿನ ಸಿಲಿಂಡರ್ ತೆರೆಯಲಾಗದಂತೆ ಬಿಗಿಯಿತು. ಖಾಲಿ ಕೋಶಗಳನ್ನು ಹೊರತಳ್ಳುವ ಕಡ್ಡಿ ಸಡಿಲವಾಗಿ ಮುಂದಕ್ಕೆ ಬಂದದ್ದೇ ಕಾರಣ. ಈ ಕಾಲದ ಮಾದರಿಗಳಲ್ಲಿ ಆ ಕಡ್ಡಿಯ ತಿರುಪಿನ ಸುತ್ತು ಎಡಮುಖವಾಗಿರುವುದರಿಂದ ವಾಡಿಕೆಯಂತೆ ತಿರುಗಿಸಿದರೆ ಬಿಗಿಯುವ ಬದಲು ಬಿಚ್ಚಿಕೊಳ್ಳುತ್ತದೆ. ಬಿಗಿಯುವಾಗ ಸಿಲಿಂಡರಿನಲ್ಲಿ ಹಾರಿಸಿದ ಖಾಲಿ ಕೋಶಗಳನ್ನು ತುಂಬಿಟ್ಟರೆ ಒಳಗಿನ ಸಣ್ಣ ಮೊಳೆಗಳಿಗೆ ಪೆಟ್ಟಾಗುವುದಿಲ್ಲ.

ಕಾಗದದ ಗುರಿಗೆ 148 ಗ್ರೇನ್ (ಗುಂಡಿನ ತೂಕದ ಅಳತೆ) ತೂಗುವ, ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡುಗಳು ನನಗೆ ಒಗ್ಗಿವೆ. ಗುರಿಕಂಡಿಯನ್ನು ಹೊಂದಿಸಲಾಗದ್ದರಿಂದ 110 ಗ್ರೇನಿನ ಹಗುರ ಗುಂಡುಗಳು ಗುರಿಯಿಟ್ಟ ಜಾಗಕ್ಕಿಂತ ಕೆಳಗೆ ತಾಗುತ್ತವೆ. ಇದನ್ನು ಕೊರತೆಯೆಂದೇ ಎಣಿಸುತ್ತೇನೆ. ಕೊಡಗಿನ ನಮ್ಮ ಮನೆಯಲ್ಲಿ ಅಜ್ಜ ಕೋವಿಯ ನಳಿಗೆ ಒರೆಸದೆ ಊಟಕ್ಕೆ ಕೂರುತ್ತಿರಲಿಲ್ಲ; ಅದೇ ಅಭ್ಯಾಸದಿಂದ ನಾನೂ ಅಂದಂದೇ ಶುಚಿಗೊಳಿಸುತ್ತೇನೆ, ಸೀಸದ ಪುಡಿಯ ಕಾರಣದಿಂದ ಕೈಯನ್ನು ಸೋಪಿನಿಂದ ತೊಳೆಯುತ್ತೇನೆ. ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದಾಳೆ. ಆದ್ದರಿಂದ ರಿವಾಲ್ವರ್ ಉಕ್ಕಿನ ಪೆಟ್ಟಿಗೆಯಲ್ಲಿ, ಗುಂಡುಗಳು ಬೇರೆ ಕೋಣೆಯ ಇನ್ನೊಂದು ಬೀಗದ ಪೆಟ್ಟಿಗೆಯಲ್ಲಿ ಇರುತ್ತವೆ, ಎರಡರ ಕೀಲಿಯೂ ನನ್ನ ಬಳಿಯೇ ಇರುತ್ತದೆ.