ಕೊಡಗಿನ ಥಂಡಿಯಲ್ಲಿ ಜೋಡಿ ಪಿಯಾನೊ: ಒಂದು ಶ್ರುತಿ ಸೇವೆಯ ವಿಮರ್ಶೆ

ಮಡಿಕೇರಿ, ವಿರಾಜಪೇಟೆ ಕಡೆಗೆ ಮೈಸೂರಿನಿಂದ ಬಂದು ಪಿಯಾನೊ ಶ್ರುತಿ ಮಾಡಿಕೊಡುವ ಈ ಸೇವೆಗೆ ನಿಜವಾದ ಪರೀಕ್ಷೆ ಜೋಡಿ ವಾದ್ಯಗಳದ್ದು. ಒಂಟಿ ಪಿಯಾನೊ ತುಸು ಏರಿದ್ದರೂ ಕಿವಿ ಒಪ್ಪಿಕೊಳ್ಳುತ್ತದೆ. ಜೋಡಿಯಲ್ಲಿ ಒಂದರ ‘ಎ’ ಸ್ವರ 440 ಹರ್ಟ್ಸ್ (ಸೆಕೆಂಡಿಗೆ 440 ಕಂಪನ), ಇನ್ನೊಂದರದು 442 ಇದ್ದರೆ ಸೆಕೆಂಡಿಗೆ 2 ಸಲ ನಾದ ಜೋರಾಗಿ, ಮೆಲ್ಲಗಾಗಿ ಅಲೆಯುತ್ತದೆ. ಮೊಜಾರ್ಟ್ 1781ರಲ್ಲಿ ಎರಡು ಪಿಯಾನೊಗಳಿಗೆಂದು ಬರೆದ ಡಿ ಮೇಜರ್ ಸೊನಾಟಾ ಎಂಬ ಕೃತಿ ಶುರುವಾಗುವುದೇ ಎರಡೂ ಪಿಯಾನೊ ಒಂದೇ ಸ್ವರ ನುಡಿಸುವುದರಿಂದ. ಅಲ್ಲಿ ಏನನ್ನೂ ಮುಚ್ಚಿಡಲಾಗದು.

ಮಳೆಗಾಲದಲ್ಲಿ ಮರದ ನಾದಫಲಕ (ತಂತಿಗಳ ನಾದವನ್ನು ಹಿಗ್ಗಿಸುವ ಹಲಗೆ) ತೇವ ಹೀರಿ ಉಬ್ಬುತ್ತದೆ. ಅದು ತಂತಿಗಳನ್ನು ಮೇಲಕ್ಕೆ ಒತ್ತುವುದರಿಂದ ಮಧ್ಯ ಸ್ಥಾಯಿ ಹೆಚ್ಚು ಏರುತ್ತದೆ. ಫೆಬ್ರವರಿಯ ಒಣ ಗಾಳಿಗೆ ಮತ್ತೆ ಇಳಿಯುತ್ತದೆ. ಎರಡು ಪಿಯಾನೊಗಳ ಮರ, ವಯಸ್ಸು ಬೇರೆಯಾದರೆ ಏರಿಳಿತವೂ ಬೇರೆ. ತಂತ್ರಜ್ಞರಿಗೆ ಇದು ಚೆನ್ನಾಗಿ ಗೊತ್ತು. ಮೊದಲು ಒಂದನ್ನು ಪೂರ್ತಿ ಮುಗಿಸಿ, ಆಮೇಲೆ ಎರಡರ ಅದೇ ಮನೆಯನ್ನು (ಕೀಲಿಯನ್ನು) ಒಟ್ಟಿಗೆ ಒತ್ತಿ, ಅಲೆ ನಿಲ್ಲುವವರೆಗೆ ಕಿವಿಯಿಂದಲೇ ಹೊಂದಿಸುತ್ತಾರೆ. ಶ್ರುತಿ ಅಳೆಯುವ ಯಂತ್ರವೊಂದನ್ನೇ ನೆಚ್ಚದ ಈ ಶ್ರದ್ಧೆ ಬಹಳ ದೊಡ್ಡದು.

ಕೊರತೆ ಒಂದಿದೆ: ಶ್ರುತಿ ತುಂಬಾ ಸರಿದಿದ್ದರೂ ಒಂದೇ ಸುತ್ತಿನಲ್ಲಿ ಮುಗಿಸುತ್ತಾರೆ. ಸುಮಾರು 220 ತಂತಿಗಳ ಬಿಗಿತ ಬದಲಾದಾಗ ಮೊದಲು ಕೂಡಿಸಿದವು ಮತ್ತೆ ಸರಿಯುತ್ತವೆ. ಎರಡನೇ ಸುತ್ತನ್ನು ಕೇಳಿಯೇ ಮಾಡಿಸಿಕೊಳ್ಳಿ.

ಗ್ರ್ಯಾಂಡ್ ಪಿಯಾನೊಗಳನ್ನು (ತಂತಿಗಳು ಅಡ್ಡಲಾಗಿ ಮಲಗಿರುವ ದೊಡ್ಡ ಪಿಯಾನೊ) ಬಾಗಿದ ಬದಿಗಳು ಒಂದಕ್ಕೊಂದು ಸೇರುವಂತೆ ಇಟ್ಟು, ಸಭೆಗೆ ಹತ್ತಿರವಿರುವುದರ ಮುಚ್ಚಳ ಪೂರ್ತಿ ತೆಗೆಸಿ. ಇಲ್ಲವಾದರೆ ಅದರ ನಾದ ಸಭೆಗೆ ಬೆನ್ನು ಮಾಡುತ್ತದೆ. ಕಾರ್ಯಕ್ರಮಕ್ಕೆ ಕೆಲವು ದಿನ ಮೊದಲೇ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಹಾಕಿ, ಕೋಣೆಯ ತೇವಾಂಶ ಶೇ. 50ರ ಆಸುಪಾಸಿನಲ್ಲಿ ನಿಂತ ಮೇಲೆಯೇ ಅವರನ್ನು ಕರೆಸಿ.