ಘಟ್ಟ ಇಳಿಯಲು ಮೂರು ದಾರಿ: ಸ್ಲೀಪರ್ ಬಸ್ಸು, ಸ್ವಂತ ಕಾರು, ಹಗಲಿನ ರೈಲು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಗಲಿನ ರೈಲಿಗೆ. ಬಸ್ಸು ಮತ್ತು ಕಾರಿನ ಪರ ಮಾತಾಡುವವರು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರ ಜೊತೆ ವಾದ ಮಾಡಿ ಮಾಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 1998ರ ಎಸ್ಸೆಸ್ಸೆಲ್ಸಿ ಬ್ಯಾಚು, ಊರು ಪುತ್ತೂರಿನ ಪಕ್ಕ. ಇಪ್ಪತ್ತೈದು ವರ್ಷ ಯಾರಿಗೂ ಯಾರ ನೆನಪೂ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಬೆಳ್ಳಿಹಬ್ಬ ಅಂತ ಒಮ್ಮೆ ಸೇರಿದ್ದೇ ತಡ, ಎಲ್ಲರಿಗೂ ಚಟ ಹತ್ತಿತು. 2024ರ ಜುಲೈಯಲ್ಲಿ ಕನ್ನಡ ಮಾಸ್ಟ್ರ ಬೀಳ್ಕೊಡುಗೆ, 2025ರ ಜನವರಿಯಲ್ಲಿ ಯಾವ ನೆಪವೂ ಇಲ್ಲದೆ ಸುಮ್ಮನೆ. ಮೂರು ಸಲವೂ ಬೆಂಗಳೂರಿನಿಂದ ಬೇರೆ ಬೇರೆ ರೀತಿಯಲ್ಲಿ ಘಟ್ಟ ಇಳಿದೆ. ಹೋಲಿಸಿ ನೋಡಬೇಕೆಂದು ಹೊರಟದ್ದಲ್ಲ, ಒಂದರಲ್ಲಿ ಬುದ್ಧಿ ಕಲಿತು ಇನ್ನೊಂದಕ್ಕೆ ಹಾರಿದ್ದು.

ಇನ್ನೊಂದು ವಿಷಯ ತಿಳಿದಿರಲಿ. ನನಗೆ ಘಟ್ಟದಲ್ಲಿ ವಾಂತಿ ಬರುತ್ತದೆ. ಘಟ್ಟದ ಕೆಳಗೆ ಹುಟ್ಟಿ ಬೆಳೆದವನಿಗೆ ಇದು ಮರ್ಯಾದೆಯ ಪ್ರಶ್ನೆ, ಆದರೆ ಇರುವುದು ಹಾಗೆ. ಚಿಕ್ಕವನಿದ್ದಾಗ ಅಮ್ಮ ಕೈಗೆ ನಿಂಬೆಹಣ್ಣು ಕೊಟ್ಟು ಮೂಸುತ್ತಿರು ಅನ್ನುತ್ತಿದ್ದಳು. ಈಗ ಮಾತ್ರೆ ಇದೆ, ನಿಂಬೆಹಣ್ಣೂ ಇದೆ. ನಿಮ್ಮ ಹೊಟ್ಟೆ ಗಟ್ಟಿ ಇದ್ದರೆ ನನ್ನ ತೀರ್ಪಿನಲ್ಲಿ ಅರ್ಧ ಕಳೆದು ಓದಿ.

ಬಸ್ಸಿನಿಂದ ಶುರುಮಾಡುತ್ತೇನೆ, ಹೊಟ್ಟೆಯ ಉರಿ ಇರುವುದೇ ಅಲ್ಲಿ.

ಶುಕ್ರವಾರ ರಾತ್ರಿ ಹತ್ತೂವರೆಯ ಖಾಸಗಿ ಎ.ಸಿ. ಸ್ಲೀಪರ್. ವಾರದ ನಡುವೆ ಒಂಬೈನೂರು ತೋರಿಸುತ್ತಿದ್ದ ಟಿಕೇಟು ವಾರಾಂತ್ಯ ಅಂತ ಒಂದು ಸಾವಿರದ ನಾನೂರಾಗಿತ್ತು. ಇರಲಿ, ರಜೆ ಉಳಿಯುತ್ತದಲ್ಲ ಅಂದುಕೊಂಡೆ. ಮೇಲಿನ ಬರ್ತು ಸಿಕ್ಕಿತು. ಹಾಸನ ದಾಟುವವರೆಗೂ ತೊಟ್ಟಿಲಿನ ಹಾಗೆ ಹೋಯಿತು. ಆಮೇಲೆ ಶಿರಾಡಿ. ಆ ರಸ್ತೆಗೆ 2015 ಮತ್ತು 2018ರಲ್ಲಿ ಎರಡು ಕಂತಿನಲ್ಲಿ ಕಾಂಕ್ರೀಟು ಹಾಕಿದ ಮೇಲೆ ಹಳೇ ಹೊಂಡಗಳ ಕಾಟ ತಪ್ಪಿದೆ, ನಿಜ. ಆದರೆ ಹೊಂಡ ಹೋದರೂ ತಿರುವು ಹೋಗುವುದಿಲ್ಲವಷ್ಟೆ? ಕೂತಿದ್ದರೆ ತಿರುವು ಕಣ್ಣಿಗೆ ಕಾಣುತ್ತದೆ, ಮೈ ತಾನಾಗಿ ವಾಲಿಕೊಳ್ಳುತ್ತದೆ. ಪರದೆ ಎಳೆದು ಮಲಗಿದವನಿಗೆ ಕಾಣುವುದೇನೂ ಇಲ್ಲ, ಹೊಟ್ಟೆಗೆ ಮಾತ್ರ ಎಲ್ಲ ಗೊತ್ತಾಗುತ್ತದೆ. ಮಾತ್ರೆ ನುಂಗಿದ್ದೆ, ವಾಂತಿ ಆಗಲಿಲ್ಲ. ಆ ಮಾತ್ರೆಯೇ ಮುಂದೆ ಕೈಕೊಟ್ಟದ್ದು.

ವಿಷಯ ಏನೆಂದರೆ ಇಳಿಯುವ ಜಾಗ. ನನ್ನ ಟಿಕೇಟಿನಲ್ಲಿ ದಪ್ಪ ಅಕ್ಷರದಲ್ಲಿ ಪುತ್ತೂರು ಅಂತಲೇ ಇತ್ತು. ಅದರ ಕೆಳಗೆ, ಕನ್ನಡಕ ಏರಿಸಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ಉಪ್ಪಿನಂಗಡಿ. ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಮಂಗಳೂರಿಗೆ ಹೋಗುವ ಹೆದ್ದಾರಿ ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ, ಕಲ್ಲಡ್ಕ ಅಂತ ಹೋಗುತ್ತದೆ. ಪುತ್ತೂರು ಅದರ ಮೇಲಿಲ್ಲ, ಹನ್ನೆರಡು ಹದಿಮೂರು ಕಿಲೋಮೀಟರ್ ಒಳಗಿದೆ. ಪುತ್ತೂರಿಗೇ ಹೋಗುವ ಬಸ್ಸುಗಳೂ ಇವೆ, ಅವತ್ತು ಅವೆಲ್ಲ ತುಂಬಿದ್ದವು. ಹಾಗಾಗಿ ತಮ್ಮನಿಗೆ ಫೋನ್ ಮಾಡಿ, ಬೆಳಗಿನ ಜಾವ ನಾಲ್ಕಕ್ಕೆ ಬೈಕ್ ತಗೊಂಡು ಉಪ್ಪಿನಂಗಡಿಗೆ ಬಾ ಅಂದಿದ್ದೆ. ಪಾಪ, ಚಳಿಯಲ್ಲಿ ಟೊಪ್ಪಿ ಹಾಕಿಕೊಂಡು ಬಂದು ನಿಂತಿದ್ದ.

ವಾಂತಿ ಮಾತ್ರೆ ತಿಂದವರಿಗೆ ನಿದ್ದೆ ಹೇಗೆ ಹತ್ತುತ್ತದೆ ಅಂತ ತಿಂದವರಿಗೇ ಗೊತ್ತು. ಬಸ್ಸು ಹತ್ತುವಾಗಲೇ ಕ್ಲೀನರ್ ಹುಡುಗನಿಗೆ, ಉಪ್ಪಿನಂಗಡಿಯಲ್ಲಿ ಎಬ್ಬಿಸು ಮಾರಾಯ ಅಂತ ಎರಡು ಸಲ ಹೇಳಿದ್ದೆ. ಅವನು ಎಬ್ಬಿಸುವ ಕ್ರಮ ಹೇಗೆಂದರೆ, ಬಸ್ಸಿನ ಮುಂದೆ ನಿಂತು ಒಮ್ಮೆ ಊರ ಹೆಸರು ಕೂಗುವುದು. ಎ.ಸಿ. ಸದ್ದು, ಎರಡು ಪರದೆ, ಮೇಲೆ ಮಾತ್ರೆ. ನನಗೆ ಎಚ್ಚರವಾದದ್ದು ಬಸ್ಸು ಒಮ್ಮೆಲೇ ದಡಬಡ ಅಂತ ಕುಣಿಯತೊಡಗಿದಾಗ. ಕಿಟಕಿಯಲ್ಲಿ ನೋಡಿದರೆ ಧೂಳು, ಕಂಬಗಳು, ಅರ್ಧ ಎದ್ದ ಮೇಲ್ಸೇತುವೆ. ಕಲ್ಲಡ್ಕ! ಆ ಕಾಲದಲ್ಲಿ ಆ ದಾರಿಯಲ್ಲಿ ಓಡಾಡಿದವರಿಗೆ ಬೋರ್ಡು ಬೇಡ, ಬೆನ್ನಿಗೆ ಬಿದ್ದ ಪೆಟ್ಟಿನಿಂದಲೇ ಊರು ಗೊತ್ತಾಗುತ್ತಿತ್ತು.

ಓಡಿ ಮುಂದೆ ಹೋದರೆ ಹುಡುಗ, ಆಗಲೇ ಕೂಗಿದೆನಲ್ಲ ಸರ್ ಅಂದ. ಡ್ರೈವರ್ ಮಾತಾಡಲಿಲ್ಲ, ಬಾಗಿಲು ತೆರೆದ. ಬ್ಯಾಗ್ ಕೆಳಗಿನ ಡಿಕ್ಕಿಯಲ್ಲಿತ್ತು, ಅದರ ಬೀಗ ತೆಗೆಯುವವರೆಗೆ ಹಿಂದಿನ ಲಾರಿಯವನು ಹಾರ್ನ್ ಹೊಡೆದು ಇಡೀ ಪೇಟೆ ಎಬ್ಬಿಸಿದ. ಅತ್ತ ತಮ್ಮನ ಫೋನು: "ಅಣ್ಣಾ, ನಿನ್ನ ಬಸ್ಸು ನನ್ನೆದುರೇ ಹೋಯಿತಲ್ಲ, ನಿಲ್ಲಿಸಲೇ ಇಲ್ಲ!" ಕಲ್ಲಡ್ಕಕ್ಕೆ ಬಂದು ಇಳಿದರೂ ಅಲ್ಲಿಯ ಹೆಸರಾಂತ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯುವ ಯೋಗ ಇಲ್ಲ, ಆ ಹೊತ್ತಿಗೆ ಒಂದು ಅಂಗಡಿಯ ಬಾಗಿಲೂ ತೆರೆದಿರಲಿಲ್ಲ. ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಧೂಳು ತಿನ್ನುತ್ತಾ ಕೂತು, ಮಂಗಳೂರಿನಿಂದ ಬಂದ ಮೊದಲ ಬಸ್ಸು ಹಿಡಿದು ಪುತ್ತೂರು ಮುಟ್ಟುವಾಗ ಬೆಳಕಾಗಿತ್ತು. ಬೆಳ್ಳಿಹಬ್ಬದ ಗ್ರೂಪ್ ಫೋಟೋದಲ್ಲಿ ಎರಡನೇ ಸಾಲಿನ ಕೊನೆಯಲ್ಲಿ ಮುಖ ಊದಿಸಿಕೊಂಡವನೊಬ್ಬ ಇದ್ದಾನೆ, ಅದು ನಾನು. ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ, ಇಪ್ಪತ್ತೈದು ವರ್ಷದಲ್ಲಿ ಒಂದಿಷ್ಟೂ ಬದಲಾಗಿಲ್ಲ ಮಾರಾಯ, ಆಗಲೂ ಹೀಗೇ ತೂಕಡಿಸುತ್ತಿದ್ದೆ ಅಂದ.

ಬಸ್ಸಿನ ಪರವಾಗಿ ಒಂದು ಮಾತು: ಶನಿವಾರ ಬೆಳಿಗ್ಗೆ ಕಾರ್ಯಕ್ರಮ, ಶುಕ್ರವಾರ ರಜೆ ಇಲ್ಲ ಅಂದರೆ ಬೇರೆ ಗತಿ ಇಲ್ಲ. ಆಗ ಅಲಾರಂ ಇಟ್ಟುಕೊಳ್ಳಿ, ಯಾರನ್ನೂ ನಂಬಬೇಡಿ.

ಕಾರಿನ ಕತೆ ಚಿಕ್ಕದು. ಮಾಸ್ಟ್ರ ಬೀಳ್ಕೊಡುಗೆಯನ್ನು ಜುಲೈಯಲ್ಲಿ ಇಟ್ಟದ್ದು ನಿವೃತ್ತಿಯ ತಾರೀಕಿನ ತಪ್ಪು, ನಮ್ಮದಲ್ಲ. ಆ ಜುಲೈ ನೆನಪಿದೆಯಲ್ಲ, ಶಿರಾಡಿಯಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಜರಿದದ್ದು. ಹೊರಡುವ ಹಿಂದಿನ ದಿನದವರೆಗೂ ಗುಂಪಿನಲ್ಲಿ ಒಂದೇ ಚರ್ಚೆ, ಶಿರಾಡಿ ತೆರೆದಿದೆಯಾ ಇಲ್ಲವಾ. ಕೊನೆಗೆ ಬೇಲೂರು, ಮೂಡಿಗೆರೆ ಹಿಡಿದು ಚಾರ್ಮಾಡಿಗೆ ತಿರುಗಿಸಿದೆ. ಸ್ಟಿಯರಿಂಗ್ ಕೈಯಲ್ಲಿದ್ದರೆ ವಾಂತಿ ಬರುವುದಿಲ್ಲ, ಇದು ಕಾರಿನ ದೊಡ್ಡ ಲಾಭ. ಕೊಟ್ಟಿಗೆಹಾರದಲ್ಲಿ ಜಡಿಮಳೆ ನೋಡುತ್ತಾ ಬಿಸಿಬಿಸಿ ನೀರುದೋಸೆ ತಿಂದದ್ದೂ ಲಾಭದ ಲೆಕ್ಕಕ್ಕೇ. ಆಮೇಲಿನದು ಮಾತ್ರ ಬೇಡ. ಮಂಜು ಎಷ್ಟೆಂದರೆ ಬಾನೆಟ್ ಆಚೆ ಬಿಳಿ ಗೋಡೆ. ಮುಂದಿನ ಕಾರಿನ ಕೆಂಪು ದೀಪವೇ ದೇವರು. ಅವನು ತಪ್ಪಿದರೆ ನಾವೂ ತಪ್ಪಿದಂತೆ. ಪಕ್ಕದಲ್ಲಿ ಕೂತ ಹೆಂಡತಿ, ಜಲಪಾತ ನೋಡಿ, ಜಲಪಾತ ನೋಡಿ ಅನ್ನುತ್ತಿದ್ದಳು. ನಾನು ನೋಡಿದ್ದು ರಸ್ತೆಯ ಬಿಳಿ ಗೆರೆಯನ್ನು ಮಾತ್ರ.

ಖರ್ಚಿನ ಲೆಕ್ಕ: ಒಂದು ಬದಿಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ, ಪೆಟ್ರೋಲಿಗೇ ಎರಡು ಸಾವಿರದ ಮೇಲೆ, ಟೋಲ್ ಬೇರೆ. ನಾಲ್ಕು ಜನ ತುಂಬಿದರೆ ಸರಿ, ಇಬ್ಬರಿಗೆ ದುಬಾರಿ. ಬರುವಾಗ ಡಿಕ್ಕಿ ತುಂಬ ತೆಂಗಿನಕಾಯಿ, ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ತಂದೆವು. ಅದರ ಬೆಲೆ ಕಳೆದರೂ ದುಬಾರಿಯೇ. ಭಾನುವಾರ ಸಂಜೆ ನೆಲಮಂಗಲದಲ್ಲಿ ನಿಂತ ಹೊತ್ತನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಇನ್ನು ರೈಲು. ಯಶವಂತಪುರದಿಂದ ಬೆಳಿಗ್ಗೆ ಏಳರ ಹೊತ್ತಿಗೆ ಬಿಡುವ ಮಂಗಳೂರು ಗಾಡಿ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮಾರ್ಗ ತೆರೆದ ಮೇಲೆ ಹಾಸನಕ್ಕೆ ಅರಸೀಕೆರೆ ಸುತ್ತುವುದು ತಪ್ಪಿದೆ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯನ್ನು ಈ ದಾರಿಗೆ 2021ರ ಜುಲೈಯಲ್ಲಿ ತಂದರು. ಅದರ ಟಿಕೇಟು ಸಾವಿರ ದಾಟುತ್ತದೆ. ನಾನು ಹೋದದ್ದು ಎರಡನೇ ದರ್ಜೆಯ ಕೂರುವ ಸೀಟಿನಲ್ಲಿ, ಇನ್ನೂರು ರೂಪಾಯಿಯ ಒಳಗೆ. ತೆರೆದ ಕಿಟಕಿ, ಒಳಗೆ ಬರುವ ಕಾಡಿನ ವಾಸನೆ. ಗಾಜಿನ ಬೋಗಿಯವರಿಗೆ ಆ ವಾಸನೆ ಇಲ್ಲ, ಅವರು ಕೊಟ್ಟದ್ದು ಕಣ್ಣಿಗೆ ಮಾತ್ರ.

ಸಕಲೇಶಪುರ ಬಿಟ್ಟ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ಘಟ್ಟ, ಅದರಲ್ಲಿ 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ. ಐವತ್ತು ಅಡಿ ಮುಂದೆ ಹೋದರೆ ಒಂದಡಿ ಇಳಿಯುವ ಇಳಿಜಾರು. ಹಾಗಾಗಿ ಗಾಡಿಗೆ ಅವಸರ ಮಾಡುವ ಹಾಗೇ ಇಲ್ಲ, ಸೈಕಲ್ಲಿಗಿಂತ ಸ್ವಲ್ಪ ಜೋರು ಅಷ್ಟೆ. ನನ್ನಂಥ ಹೊಟ್ಟೆಯವರಿಗೆ ಇದೇ ಬೇಕಾದ್ದು. ರೈಲು ಬಸ್ಸಿನ ಹಾಗೆ ಗಕ್ಕನೆ ತಿರುಗುವುದಿಲ್ಲ, ಹಾವಿನ ಹಾಗೆ ಉದ್ದಕ್ಕೆ ಬಳುಕುತ್ತದೆ. ಮಾತ್ರೆ ಜೇಬಿನಲ್ಲೇ ಉಳಿಯಿತು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು. ಸುರಂಗ ಬಂದಾಗಲೆಲ್ಲ ಬೋಗಿಯ ಮಕ್ಕಳು ಕೂಗುತ್ತಿದ್ದವು. ಇಪ್ಪತ್ತನೆಯದರ ಹೊತ್ತಿಗೆ ದೊಡ್ಡವರೂ ಸೇರಿಕೊಂಡರು. ನಾನೂ ಕೂಗಿದೆ, ಗುರುತಿನವರು ಯಾರೂ ಇರಲಿಲ್ಲ.

ಘಟ್ಟದ ಉದ್ದಕ್ಕೂ ಫೋನಿಗೆ ಸಿಗ್ನಲ್ ಇಲ್ಲದಂತೆಯೇ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವ ನೆಟ್ಟಣಕ್ಕೆ ಬಂದು ನೋಡಿದರೆ ಬ್ಯಾಚಿನ ಗುಂಪಿನಲ್ಲಿ ನೂರಾರು ಮೆಸೇಜು, ಊಟಕ್ಕೆ ಪಾಯಸ ಯಾವುದು ಎಂಬ ಬಗ್ಗೆ. ತೀರ್ಮಾನ ಮಾತ್ರ ಆಗಿರಲಿಲ್ಲ.

ರೈಲಿನ ತೊಂದರೆಗಳನ್ನೂ ಹೇಳಬೇಕಲ್ಲ. ಒಂಟಿ ಹಳಿ, ಎದುರಿನ ಗಾಡಿಗೆ ಕಾಯುತ್ತಾ ನಿಂತರೆ ನಿಂತೇ. ಕಬಕ ಪುತ್ತೂರಿನಲ್ಲಿ ಇಳಿಯುವಾಗ ಮಧ್ಯಾಹ್ನ ಕಳೆದಿರುತ್ತದೆ, ಅಂದರೆ ಬೆಳಗಿನ ಕಾರ್ಯಕ್ರಮಕ್ಕೆ ಹಿಂದಿನ ದಿನವೇ ಹೊರಡಬೇಕು, ಒಂದು ರಜೆ ಹೋಯಿತು. ಮಳೆಗಾಲದಲ್ಲಿ ಇದನ್ನೂ ನಂಬುವಂತಿಲ್ಲ. ನಾನು ಚಾರ್ಮಾಡಿಯಲ್ಲಿ ತಡವರಿಸಿದ ಅದೇ ಜುಲೈಯಲ್ಲಿ ಕಡಗರವಳ್ಳಿ, ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲುಗಳೇ ನಿಂತಿದ್ದವು. 2025ರಲ್ಲಿ ವಿದ್ಯುದೀಕರಣದ ಕೆಲಸಕ್ಕೆ ಹಗಲಿನ ಗಾಡಿಗಳನ್ನು ತಿಂಗಳುಗಟ್ಟಲೆ ರದ್ದು ಮಾಡಿದ್ದರು.

ರಜೆ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಹಿಂದಿನ ಎರಡೂ ಸಲ ನಾನು ಮನೆಗೆ ಹೋದದ್ದು ಬ್ಯಾಗ್ ಇಡಲಿಕ್ಕೆ. ಈ ಸಲ ಸಂಜೆ ನಾಲ್ಕರ ಬಿಸಿಲಲ್ಲಿ ಅಂಗಳಕ್ಕೆ ಕಾಲಿಟ್ಟಾಗ ಅಮ್ಮ ಅಡಿಕೆ ಹರಡಿದ್ದಳು. ಇಷ್ಟು ಹೊತ್ತಿಗೆ ಯಾವ ಬಸ್ಸು ಅಂತ ಕೇಳಿದಳು. ಕೂತು ಚಾ ಕುಡಿದು, ಅಡಿಕೆ ಒಟ್ಟುಮಾಡಿ, ರಾತ್ರಿ ಗಂಜಿ ಉಂಡು ಮಲಗಿದೆ. ಮರುದಿನದ ಫೋಟೋದಲ್ಲಿ ನನ್ನ ಕಣ್ಣು ತೆರೆದಿದೆ.

ನನ್ನ ಲೆಕ್ಕ ಇಷ್ಟು: ಡಿಸೆಂಬರಿನಿಂದ ಮೇ ವರೆಗೆ, ಒಂದು ರಜೆ ಸಿಕ್ಕರೆ, ರೈಲು. ಮನೆಮಂದಿಯೆಲ್ಲ ಹೊರಟರೆ ಅಥವಾ ತೆಂಗಿನಕಾಯಿ ತರಲೇಬೇಕಾದರೆ ಕಾರು. ಹಲಸಿನಹಣ್ಣನ್ನು ರೈಲಿನಲ್ಲಿ ತರಬಹುದು, ಆಮೇಲೆ ಯಶವಂತಪುರದಿಂದ ಮೆಟ್ರೋ ಹತ್ತುವ ಧೈರ್ಯ ಇರಬೇಕು. ಹೋಗುವಾಗ ರೈಲು, ಬರುವಾಗ ರಾತ್ರಿ ಬಸ್ಸು ಅನ್ನುವ ಮಿಶ್ರಣವೂ ನಡೆಯುತ್ತದೆ. ಘಟ್ಟ ಹತ್ತುವಾಗ ನಿದ್ದೆ ಕೆಟ್ಟರೂ ಮರುದಿನ ಆಫೀಸು ತಾನೇ, ಅಲ್ಲಿ ಯಾರೂ ಫೋಟೋ ತೆಗೆಯುವುದಿಲ್ಲ.

ಟಿಕೇಟಿಗೆ ಮಾತ್ರ ಉದಾಸೀನ ಬೇಡ. ಮೊದಲು 120 ದಿನ ಮುಂಚೆ ಕಾದಿರಿಸಬಹುದಿತ್ತು, 2024ರ ನವೆಂಬರ್ ಒಂದರಿಂದ ಅದು 60 ದಿನಕ್ಕೆ ಇಳಿದಿದೆ. ಕಿಟಕಿಯ ಸೀಟು ಬೇಕಾದರೆ ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ ಎಂಟಕ್ಕೇ ಕೂರಬೇಕು. ನಮ್ಮ ಗುಂಪಿನಲ್ಲಿ ಮುಂದಿನ ಭೇಟಿಯ ತಾರೀಕು ಇನ್ನೂ ನಿಶ್ಚಯವಾಗಿಲ್ಲ, ಪಾಯಸ ಮಾತ್ರ ನಿಶ್ಚಯವಾಗಿದೆ.